ನಲವತ್ತೇಳನೆಯ ನಂಬರಿನ ಹಾಲು

೨೦೨೪ರ ನವೆಂಬರ್ ಹತ್ತೊಂಬತ್ತು, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹದಿನೇಳು ನಿಮಿಷಕ್ಕೆ ಶೀತಲ್ ತನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ನಲವತ್ತೇಳನೆಯ ಸಾಲು ಖಾಲಿ ಇರುವುದನ್ನು ಮೂರನೆಯ ದಿನವೂ ನೋಡಿದ. ಉಳಿದ ಸಾಲುಗಳು ಒಂದೊಂದಾಗಿ ತುಂಬುತ್ತಿದ್ದವು. ಪಾಳಿಯಲ್ಲಿ ನಿಂತವರು ಕ್ಯಾನು ತಂದು ತೂಕದ ಮಿಷನ್ನಿನ ಮೇಲೆ ಇಡುತ್ತಿದ್ದರು, ಅವನು ಚಿಕ್ಕ ಬಟ್ಟಲಲ್ಲಿ ಹಾಲು ತೆಗೆದು ಫ್ಯಾಟ್ ಮಿಷನ್ನಿನ ನಳಿಗೆಗೆ ಹಿಡಿಯುತ್ತಿದ್ದ, ಮಿಷನ್ನು ಹಾಲನ್ನು ಹೀರಿ ಮೂವತ್ತೆಂಟು ಸೆಕೆಂಡು ಯೋಚಿಸುತ್ತಿತ್ತು. ಯೋಚಿಸುತ್ತಿತ್ತು ಎನ್ನುವುದು ಅವನ ಮಾತು. ಅದು ಶಬ್ದದ ಅಲೆಯನ್ನು ಹಾಲಿನ ಮೂಲಕ ಹಾಯಿಸಿ ವೇಗ ಅಳೆಯುತ್ತದೆ, ಅಷ್ಟೆ. ಆಮೇಲೆ ಗೋಡೆಯ ಮೇಲಿನ ಸ್ಪೀಕರಿನಿಂದ ಅವನ ಹೆಂಡತಿ ಸ್ನೇಹಲಳ ದನಿ ಬರುತ್ತಿತ್ತು: ‘ನಂಬರ ಇಪ್ಪತ್ತೆರಡು. ಫ್ಯಾಟ್ ಆರು ಪಾಯಿಂಟ್ ಒಂಬತ್ತು.’ ಸ್ವತಃ ಸ್ನೇಹಲ ಹಿಂದಿನ ಮನೆಯಲ್ಲಿ ಭಕ್ರಿ ತಟ್ಟುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳನ್ನು ಕೌದಿ ತುಂಬಿದ ಅಲಮಾರಿಯ ಬಾಗಿಲ ನಡುವೆ ಕೂರಿಸಿ, ಪ್ರತಿಧ್ವನಿ ಬರಬಾರದೆಂದು ತಲೆಯ ಮೇಲೆ ಒಂದು ಕೌದಿ ಹೊದಿಸಿ, ಸೊನ್ನೆಯಿಂದ ನೂರರವರೆಗೆ ಅಂಕಿ ಹೇಳಿಸಿದ್ದ. ಅವಳು ನಿಪ್ಪಾಣಿಯವಳು, ಮರಾಠಿಯಲ್ಲಿ ಬೆಳೆದವಳು. ಕನ್ನಡದ ಅಂಕಿಗಳನ್ನು ಒಂದೊಂದನ್ನೂ ತೊಳೆದು ಒರೆಸಿ ಇಟ್ಟ ಹಾಗೆ ಹೇಳುತ್ತಿದ್ದಳು. ಎಪ್ಪತ್ತಕ್ಕೆ ಬಂದಾಗ ಬೆವರಿನಿಂದ ತೊಯ್ದು ಇಬ್ಬರೂ ನಕ್ಕು ಬಿದ್ದಿದ್ದರು. ಆ ನಗುವೂ ಒಂದು ಫೈಲಿನಲ್ಲಿ ಇನ್ನೂ ಇದೆ, ಅವನು ಅಳಿಸಿಲ್ಲ.

ಇಂಥ ಚಿಕ್ಕ ಚಿಕ್ಕ ಸುಖಗಳಿಂದಲೇ ಅವನು ಉಗಾರ ಬುದ್ರುಕದಲ್ಲಿ ಈ ಹಾಲಿನ ಡೇರಿಯನ್ನು ಒಂಬತ್ತು ವರ್ಷ ನಡೆಸಿಕೊಂಡು ಬಂದಿದ್ದ. ಬಿ.ಎಸ್ಸಿ. ರಸಾಯನಶಾಸ್ತ್ರ ಓದಿದವನು ಹಾಲು ಅಳೆಯುತ್ತಾ ಕೂರುವುದೇ ಎಂದು ಬಳಗದವರು ಮೊದಮೊದಲು ಕೇಳುತ್ತಿದ್ದರು. ಅಳೆಯುವುದಕ್ಕಿಂತ ದೊಡ್ಡ ಕೆಲಸ ರಸಾಯನಶಾಸ್ತ್ರದಲ್ಲಿ ಯಾವುದಿದೆ ಎಂದು ಅವನಿಗೆ ಅನಿಸುತ್ತಿತ್ತು, ಹೇಳುತ್ತಿರಲಿಲ್ಲ. ಡೇರಿಯ ಪ್ರೋಗ್ರಾಮನ್ನು ತಾನೇ ಬರೆದಿದ್ದ. ಬೆಳಿಗ್ಗೆ ಸ್ವಿಚ್ ಹಾಕಿದಾಗ ರಿಲೇ ಟಕ್ ಎನ್ನುವುದು, ಬಿಸಿನೀರಿನಲ್ಲಿ ತೊಳೆದ ನಳಿಗೆ ಹೊಳೆಯುವುದು, ತಿಂಗಳ ಕೊನೆಗೆ ಊರ ಎಮ್ಮೆಗಳೆಲ್ಲ ಸೇರಿ ಪರದೆಯ ಮೇಲೆ ಒಂದು ಗೆರೆಯಾಗಿ ಏರಿ ಇಳಿಯುವುದು ಇವೆಲ್ಲ ಅವನಿಗೆ ಚಹಾಕ್ಕಿಂತ ಹೆಚ್ಚು. ಕಿರಿಕಿರಿಗೂ ಕಡಿಮೆಯಿರಲಿಲ್ಲ. ಕರೆಂಟು ಹೋಗುತ್ತದೆ, ಯುಪಿಎಸ್ಸಿನೊಳಗೆ ಹಲ್ಲಿ ಸೇರಿ ತಾನೂ ಸತ್ತು ಬ್ಯಾಟರಿಯನ್ನೂ ಕೊಲ್ಲುತ್ತದೆ, ಕಬ್ಬಿನ ಟ್ರ್ಯಾಕ್ಟರು ಹಾದಾಗ ತೂಕದ ಅಂಕಿ ನಡುಗುತ್ತದೆ, ಲ್ಯಾಪ್‌ಟಾಪ್ ಇದೆ ಎಂಬ ಒಂದೇ ಕಾರಣಕ್ಕೆ ಅರ್ಧ ಊರು ಆಧಾರ್ ಜೋಡಿಸಿ ಕೊಡೆಂದು ಬೆರಳು ಚಾಚಿಕೊಂಡು ಬರುತ್ತದೆ. ಅದೆಲ್ಲ ಇರಲಿ. ಹಾಲಿನ ದರ ಗೊತ್ತುಮಾಡುವ ಫ್ಯಾಟನ್ನು, ಅಂದರೆ ಕೊಬ್ಬಿನ ಅಂಶವನ್ನು, ಎಲ್ಲರ ಎದುರು ದನಿಯೆತ್ತಿ ಹೇಳಿಸುವ ಯೋಚನೆ ಅವನಿಗೆ ಹೊಳೆದದ್ದು, ಯಾರ ಹಾಲಿನ ಗುಣವನ್ನೂ ತಾನು ಒಳಗೊಳಗೇ ಇಳಿಸುವುದಿಲ್ಲ ಎಂದು ಊರಿಗೆ ಗೊತ್ತಾಗಲಿ ಎಂದು. ಒಳ್ಳೆಯ ಉದ್ದೇಶ. ಆ ಒಳ್ಳೆಯ ಉದ್ದೇಶವೇ ಈಗ ನಲವತ್ತೇಳನೆಯ ಸಾಲಿನಲ್ಲಿ ಖಾಲಿಯಾಗಿ ಕೂತಿತ್ತು.

‘ಮಾಸ್ತರಾ, ಎಲ್ಲಿ ಅದಿ? ನನ್ನ ಹಾಲ ಹೆಪ್ಪಾಗೂದರೊಳಗ ಹಚ್ಚು ನಿನ್ನ ಮಿಷನ್ನಿಗೆ’ ಎಂದ ಮಲಕಾರಿ. ಮೂವತ್ತೊಂದನೆಯ ನಂಬರಿನವನು. ಶೀತಲ್ ಎಂದೂ ಮಾಸ್ತರನಾಗಿರಲಿಲ್ಲ. ಮಲಕಾರಿ ಅವನನ್ನು ಹಾಗೆ ಕರೆಯುವುದು ಕನ್ನಡಕದ ಮೇಲಿನ ತಮಾಷೆ. ಮಿಷನ್ನು ಯೋಚಿಸಿತು. ‘ನಂಬರ ಮೂವತ್ತೊಂದು. ಫ್ಯಾಟ್ ಐದು ಪಾಯಿಂಟ್ ಮೂರು’ ಎಂದಿತು ದನಿ. ‘ನೋಡ್ರಪಾ, ಪಾಸಾದೆ’ ಎಂದು ಮಲಕಾರಿ ಪಾಳಿಯ ಕಡೆ ತಿರುಗಿ ಕೈ ಮುಗಿದ. ಹಿಂದೆ ನಿಂತಿದ್ದ ಕಮಲಾಬಾಯಿ, ‘ಸತ್ತೆವ್ವ ಇವತ್ತೂ ಬರ್ಲಿಲ್ಲೇನ’ ಎಂದು ಯಾರನ್ನೂ ನೋಡದೆ ಕೇಳಿದಳು. ‘ಹೆಂಗ ಬರ್ತಾಳ? ಹೊಳಿ ಇನ್ನೂ ಇಳದಿಲ್ಲ’ ಎಂದ ಮಲಕಾರಿ. ಇಬ್ಬರು ನಕ್ಕರು. ಶನಿವಾರ ಬೆಳಿಗ್ಗೆ ನಕ್ಕವರು ಇಬ್ಬರಲ್ಲ, ಪಾಳಿಗೆ ಪಾಳಿಯೇ. ಅಂದು ಸತ್ತೆವ್ವನ ಕ್ಯಾನಿನಿಂದ ಬಟ್ಟಲು ತುಂಬಿ ನಳಿಗೆಗೆ ಹಿಡಿದಾಗ ಸ್ನೇಹಲಳ ದನಿ ತನ್ನ ತೊಳೆದ ಕನ್ನಡದಲ್ಲಿ, ‘ನಂಬರ ನಲವತ್ತೇಳು. ಫ್ಯಾಟ್ ನಾಲ್ಕು ಪಾಯಿಂಟ್ ಆರು. ನೀರಿನ ಸಂಶಯ’ ಎಂದಿತ್ತು. ಸತ್ತೆವ್ವನಿಗೆ ಮೊದಲು ತಿಳಿಯಲಿಲ್ಲ. ಸ್ಪೀಕರಿನ ಕಡೆ ಮುಖ ಎತ್ತಿ, ಇನ್ನೇನಾದರೂ ಹೇಳುತ್ತದೆಯೋ ಎಂದು ಕಾಯುವವಳಂತೆ ನಿಂತಳು. ಆಗ ಮಲಕಾರಿ, ‘ಏನಬೇ ಸತ್ತೆವ್ವಾಯಿ, ನಿನ್ನ ಎಮ್ಮಿ ಹೊಳಿಯಾಗ ಬಿದ್ದಿತ್ತೋ, ಹೊಳೀನ ಎಮ್ಮಿಯಾಗ ಬಿದ್ದಿತ್ತೋ?’ ಎಂದಿದ್ದ. ‘ನಾ ನೀರ ಹಾಕಿಲ್ಲ ತಮ್ಮಾ’ ಎಂದು ಅವಳು ಹೇಳಿದ್ದು ಮಲಕಾರಿಗಲ್ಲ, ಶೀತಲ್‌ಗೆ. ಅವನು ಪರದೆಯಿಂದ ಕಣ್ಣು ತೆಗೆಯದೆ ಉತ್ತರ ಕೊಟ್ಟಿದ್ದ: ‘ಮಿಷನ್ ಸುಳ್ಳ ಹೇಳಂಗಿಲ್ಲ ಆಯಿ.’

ಆ ಮಾತನ್ನು ಅವನು ಒಂಬತ್ತು ವರ್ಷದಲ್ಲಿ ನೂರಾರು ಸಲ ಹೇಳಿರಬೇಕು. ಯಾರಾದರೂ ಮಿಷನ್ ಕೆಟ್ಟಿದೆ ಎಂದರೆ ಸಾಕು, ಬಾಯಿಗೆ ತಾನಾಗಿ ಬರುತ್ತಿತ್ತು. ಅದರಲ್ಲಿ ಒಂದು ಗೌರವ ಇದೆಯೆಂದು ತಿಳಿದಿದ್ದ, ತನಗಲ್ಲ, ಅಳತೆಗೆ. ಶನಿವಾರದಿಂದ ಈಚೆಗೆ ಆ ಮಾತು ನೆನಪಾದಾಗಲೆಲ್ಲ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು. ಸತ್ತೆವ್ವ ಕ್ಯಾನನ್ನು ಎತ್ತಿಕೊಂಡು, ಅಳೆದ ಹಾಲನ್ನು ಹಾಕದೆಯೇ ತಿರುಗಿ ಹೋಗಿದ್ದಳು. ಅರವತ್ತು ದಾಟಿದವಳು, ಗಂಡ ಅಮೋಘಸಿದ್ದ ಮಗನ ಜೊತೆ ಕುರಿ ಹೊಡೆದುಕೊಂಡು ಊರೂರು ತಿರುಗುತ್ತಾನೆ, ಮನೆಯಲ್ಲಿ ಇವಳು, ಸೊಸೆ, ಒಂದು ಎಮ್ಮೆ. ಹಾಲಿಗೆ ನೀರು ಹಾಕಿದವಳು ಎಂಬ ಮಾತು ಊರಲ್ಲಿ ಒಮ್ಮೆ ಹತ್ತಿಕೊಂಡರೆ ನೀರು ಹಾಕಿದ ಹಾಲಿನಿಂದ ನೀರನ್ನು ಬೇರೆ ಮಾಡುವಷ್ಟೇ ಕಷ್ಟ. ಇದು ಅವನಿಗೆ ಗೊತ್ತಿತ್ತು. ಏಕೆಂದರೆ ಶನಿವಾರದ ಹಿಂದಿನ ದಿನವೇ ಆ ಮಾತು ಅವನಿಗೂ ಹತ್ತಿಕೊಂಡಿತ್ತು. ಶುಕ್ರವಾರ ಹಾಲನ್ನು ಶೀತಲೀಕರಣ ಕೇಂದ್ರಕ್ಕೆ ಒಯ್ದಾಗ, ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಒಬ್ಬ ಹೊಸ ಸುಪರ್‌ವೈಸರ್ ಅವನ ಒಂದು ಕ್ಯಾನನ್ನು ತಿರುಗಿ ಒಯ್ಯಲೆಂದು ಪಕ್ಕಕ್ಕೆ ಸರಿಸಿ, ಡ್ರೈವರುಗಳೆಲ್ಲ ನಿಂತಿರುವಾಗ, ‘ಹಾಲ ತಂದೀರೋ, ತಿಳಿಸಾರ ತಂದೀರೋ?’ ಎಂದಿದ್ದ. ಇಯರ್‌ಫೋನನ್ನು ತೆಗೆಯದೆಯೇ. ಶೀತಲ್ ಉತ್ತರಿಸಲು ಬಾಯಿ ತೆರೆದಾಗ ಆತ ಆಗಲೇ ಫೋನಿನಲ್ಲಿ ಬೇರೆ ಯಾರೊಂದಿಗೋ ನಗುತ್ತಿದ್ದ. ಅಂದು ಸಂಜೆ ಮನೆಗೆ ಬಂದವನೇ ಲ್ಯಾಪ್‌ಟಾಪ್ ತೆರೆದು, ಸಿಟ್ಟು ಇನ್ನೂ ಇಳಿಯದಿರುವಾಗಲೇ ಪ್ರೋಗ್ರಾಮಿಗೆ ಒಂದು ಹೊಸ ಸಾಲು ಸೇರಿಸಿದ್ದ: ಎಮ್ಮೆಯ ಹಾಲು, ಫ್ಯಾಟ್ ಐದಕ್ಕಿಂತ ಕಡಿಮೆ, ಹಾಗಾದರೆ ನೀರಿನ ಸಂಶಯ. ಆಮೇಲೆ ಸ್ನೇಹಲಳನ್ನು ಕರೆದು ಆ ಎರಡು ಶಬ್ದ ಹೇಳಿಸಿದ್ದ. ಅವಳು ಒಲೆಯ ಮೇಲೆ ಪಲ್ಯ ಇಟ್ಟು ಬಂದವಳು, ಯಾಕೆಂದು ಕೇಳದೆ ಹೇಳಿ ಹೋಗಿದ್ದಳು.

ಏಳೂವರೆಗೆ ಪಾಳಿ ಕರಗಿತು. ಸಕ್ಕರೆ ಕಾರ್ಖಾನೆಯ ಭೋಂಗಾ ಕೂಗಿತು. ಸ್ನೇಹಲ ಚಹಾ ತಂದು ಮೇಜಿನ ಮೇಲಿಟ್ಟು, ಹೋಗದೆ ನಿಂತಳು. ‘ನಿನ್ನೆ ನಾ ಗಿರಣಿಗೆ ಹೋಗಿದ್ದೆ’ ಎಂದಳು. ‘ಸತ್ತೆವ್ವಾಯಿ ಇದ್ಲು. ನನ್ನ ನೋಡಿ ಸೆರಗ ತಲಿ ಮ್ಯಾಲ ಎಳಕೊಂಡು ಆ ಕಡೆ ತಿರಗಿ ನಿಂತ್ಲು.’ ಅವನು ಚಹಾದ ಲೋಟವನ್ನು ತಿರುಗಿಸಿದ. ‘ಅದಕ ನಾ ಏನ್ ಮಾಡ್ಲಿ? ಹೇಳಿದ್ದು ಮಿಷನ್ನು’ ಎಂದ. ‘ಮಿಷನ್ನಿಗೆ ಬಾಯಿ ಎಲ್ಲೈತ್ರಿ? ಬಾಯಿ ನಂದು. ನನ್ನ ಬಾಯಿಲೆ ಆಕಿನ್ನ ಕಳ್ಳಿ ಅನ್ನಿಸಿದ್ರಿ ನೀವು. ಅದೂ ನಾ ಒಳಗ ಭಕ್ರಿ ಮಾಡೂವಾಗ.’ ಅವಳು ಸಿಟ್ಟಾಗಿರಲಿಲ್ಲ. ಅಂಕಿ ಹೇಳುವಾಗಿನ ಅದೇ ದನಿಯಲ್ಲಿ ಹೇಳಿದಳು. ಅದೇ ಅವನಿಗೆ ತಡೆಯದಾಯಿತು. ‘ಆಕಿ ನೀರ ಹಾಕಿದ್ರ?’ ಎಂದ. ‘ಹಾಕ್ಯಾಳೇನ?’ ಎಂದು ಅವಳು ತಿರುಗಿ ಕೇಳಿ, ಖಾಲಿ ಬಟ್ಟಲುಗಳನ್ನು ಬಳಿದುಕೊಂಡು ಒಳಗೆ ಹೋದಳು. ಹಾಕಿದ್ದಾಳೆಯೇ? ಅದು ಪ್ರಶ್ನೆ ಎಂದು ಅವನಿಗೆ ಆ ಕ್ಷಣದವರೆಗೂ ಅನಿಸಿರಲಿಲ್ಲ. ಶನಿವಾರದಿಂದ ಅವನು ಯೋಚಿಸುತ್ತಿದ್ದದ್ದು ಹಾಗೆ ಎಲ್ಲರ ಎದುರು ಹೇಳಬಾರದಿತ್ತು ಎಂದು. ಹೇಳಿದ್ದು ನಿಜವೋ ಅಲ್ಲವೋ ಎಂದಲ್ಲ.

ಅವನು ಶನಿವಾರದ ಕಚ್ಚಾ ದಾಖಲೆಯನ್ನು ತೆರೆದ. ಮಿಷನ್ನು ಪ್ರತಿ ಹಾಲಿಗೂ ಹಲವು ಅಂಕಿ ಬರೆದಿಡುತ್ತದೆ. ದನಿ ಹೇಳುವುದು ಒಂದನ್ನು ಮಾತ್ರ. ನಲವತ್ತೇಳು. ಹಾಲು ಮೂರು ಲೀಟರು. ಫ್ಯಾಟ್ ೪.೬. ಅದರ ಪಕ್ಕದಲ್ಲಿ ಎಸ್‌ಎನ್‌ಎಫ್, ಅಂದರೆ ಕೊಬ್ಬನ್ನು ಬಿಟ್ಟು ಹಾಲಿನಲ್ಲಿ ಉಳಿಯುವ ಸಕ್ಕರೆ, ಪ್ರೋಟೀನು, ಲವಣ ಎಲ್ಲ ಸೇರಿದ ಗಟ್ಟಿ ಅಂಶ: ೯.೪. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ೯.೪. ಸತ್ತೆವ್ವನ ಎಮ್ಮೆಯ ಫ್ಯಾಟ್ ಅಕ್ಟೋಬರಿನಲ್ಲಿ ಸರಾಸರಿ ೬.೬, ಎಸ್‌ಎನ್‌ಎಫ್ ೯.೨. ನೀರು ಹಾಕಿ ೬.೬ನ್ನು ೪.೬ಕ್ಕೆ ಇಳಿಸಬೇಕೆಂದರೆ ನೂರಕ್ಕೆ ಮೂವತ್ತು ಪಾಲು ನೀರು ಬೇಕು. ಆದರೆ ನೀರಿಗೆ ಕೊಬ್ಬು ಯಾವುದು, ಸಕ್ಕರೆ ಯಾವುದು ಎಂದು ಆರಿಸುವ ಬುದ್ಧಿ ಇಲ್ಲ. ಅದು ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ತೆಳ್ಳಗೆ ಮಾಡುತ್ತದೆ. ಎಸ್‌ಎನ್‌ಎಫ್ ೬.೪ಕ್ಕೆ ಬಿದ್ದಿರಬೇಕಿತ್ತು. ಬಿದ್ದಿರಲಿಲ್ಲ, ಒಂದು ಕೂದಲು ಏರಿತ್ತು. ಇದು ಕಾಲೇಜಿನ ಎರಡನೆಯ ವರ್ಷದ ವಿಷಯವೂ ಅಲ್ಲ, ಮೊದಲನೆಯ ವರ್ಷದ್ದು. ಡೇರಿಯಲ್ಲಿ ಯಾರೂ ಇಲ್ಲದಿದ್ದರೂ ಹಿಂದೆ ತಿರುಗಿ ನೋಡಿದ. ಮಿಷನ್ನು ಸುಳ್ಳು ಹೇಳಿರಲಿಲ್ಲ. ಅದು ಎರಡು ಅಂಕಿ ಹೇಳಿತ್ತು. ಸುಳ್ಳನ್ನು ಸೇರಿಸಿದವನು ತಾನು, ಸುಪರ್‌ವೈಸರಿನ ಇಯರ್‌ಫೋನಿನ ಸಿಟ್ಟಿನಲ್ಲಿ, ಒಂದೇ ಸಾಲಿನಲ್ಲಿ.

ಹೊಸದಾಗಿ ಎರಡೂ ಅಂಕಿಗಳನ್ನು ಸೇರಿಸಿ ನಿಯಮ ಬರೆದ. ಶುಕ್ರವಾರದ ಹಾಲನ್ನು ಅದರ ಮೂಲಕ ಹಾಯಿಸಿದ. ನಲವತ್ತೇಳು ಸುಮ್ಮನೆ ದಾಟಿ ಹೋಯಿತು. ಬೇರೊಂದು ಸಾಲು ಕೆಂಪಾಯಿತು: ಮೂವತ್ತೊಂದು. ಫ್ಯಾಟ್ ೫.೪, ಎಸ್‌ಎನ್‌ಎಫ್ ೬.೫. ಮಲಕಾರಿಯ ಎಮ್ಮೆಯ ಹಾಲು ಬೆಣ್ಣೆಯ ಹಾಗೆ, ಏಳೂವರೆಯ ಮೇಲಿರುವಂಥದ್ದು. ಇಷ್ಟೊಂದು ನೀರು ಹಾಕಿದರೂ ಐದರ ಗೆರೆಯ ಮೇಲೆಯೇ ನಿಲ್ಲುವಷ್ಟು ಗಟ್ಟಿ. ಶನಿವಾರವೂ ಕೆಂಪು, ಭಾನುವಾರವೂ, ಸೋಮವಾರವೂ, ಇವತ್ತೂ. ಎಲ್ಲರಿಗಿಂತ ಮೊದಲು ನಕ್ಕವನು. ಶೀತಲ್‌ಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು, ಆಮೇಲೆ ಆ ಎರಡನ್ನೂ ದಾಟಿ ಇನ್ನೊಂದು ಬಂತು. ಸತ್ತೆವ್ವ ನೀರು ಹಾಕಿಲ್ಲ, ಸರಿ. ಹಾಗಾದರೆ ಕೊಬ್ಬು ಎಲ್ಲಿ ಹೋಯಿತು? ನವೆಂಬರ್ ನಾಲ್ಕರವರೆಗೆ ೬.೬ರ ಹತ್ತಿರ ಆಡುತ್ತಿದ್ದ ಗೆರೆ, ಐದನೆಯ ತಾರೀಖು ಮೆಟ್ಟಿಲು ಇಳಿದ ಹಾಗೆ ಇಳಿದು, ಅಲ್ಲೇ ನಡೆಯತೊಡಗಿತ್ತು. ಹಾಲೂ ನಾಲ್ಕೂಕಾಲು ಲೀಟರಿನಿಂದ ಮೂರಕ್ಕೆ. ಮೇವೇ? ಊರೆಲ್ಲ ಈಗ ಕಬ್ಬಿನ ಸೋಗೆ ಹಾಕುತ್ತದೆ, ಬೇರೆ ಎಮ್ಮೆಗಳು ಇಳಿದಿಲ್ಲ. ರೋಗವಾದರೆ ಎಸ್‌ಎನ್‌ಎಫ್ ಕೂಡ ಕೆಡಬೇಕು. ಕೆನೆ ತೆಗೆದಿದ್ದರೆ ಹಾಲು ತಣ್ಣಗಿರಬೇಕು, ಅವಳು ತರುವುದು ನೊರೆಹಾಲು. ಒಂದೊಂದು ಕಾರಣವನ್ನೂ ಕಾಗದದ ಮೇಲೆ ಬರೆದು ಹೊಡೆದು ಹಾಕುತ್ತಾ ಹೋದ ಹಾಗೆ ಅವನ ಬೆನ್ನು ನೆಟ್ಟಗಾಯಿತು, ಚಹಾ ಆರಿ ಕೆನೆಗಟ್ಟಿತು. ಹತ್ತು ಗಂಟೆಗೆ ತಾನು ಸಿಳ್ಳು ಹಾಕುತ್ತಿದ್ದೇನೆ ಎಂಬುದು ಅವನ ಅರಿವಿಗೆ ಬಂದು ಥಟ್ಟನೆ ನಿಲ್ಲಿಸಿದ. ಒಬ್ಬ ಮುದುಕಿಯ ಹೆಸರು ಕೆಡಿಸಿ, ಆ ಕೆಡಿಸಿದ್ದರೊಳಗೇ ತನಗೊಂದು ಸೊಗಸಾದ ಲೆಕ್ಕ ಸಿಕ್ಕಿಬಿಟ್ಟಿದೆ. ಎಂಟನೆಯ ತಾರೀಖು ಅವಳು ಕೇಳಿದ್ದಳು ಕೂಡ, ‘ನಂದ ಯಾಕ ಇಳದೈತಿ ತಮ್ಮಾ, ಸ್ವಲ್ಪ ನೋಡು’ ಎಂದು. ‘ನಿನ್ನ ಎಮ್ಮೀನ ಕೇಳ ಆಯಿ’ ಎಂದಿದ್ದ. ಅಂದು ಇರದಿದ್ದ ಕುತೂಹಲ ಇಂದು ಎಲ್ಲಿಂದ ಬಂತು? ಅಂದು ತಪ್ಪು ಅವಳದಾಗಿತ್ತು, ಇಂದು ತನ್ನದು. ತನ್ನ ತಪ್ಪಾದರೆ ಅದಕ್ಕೂ ಒಂದು ರುಚಿ.

ಸಂಜೆ ಐದಕ್ಕೆ ಪಾಳಿಯನ್ನು ಸ್ನೇಹಲಳಿಗೆ ಒಪ್ಪಿಸಿ, ನಾಲ್ಕು ಚಿಕ್ಕ ಬಾಟಲಿಗಳಿಗೆ ನಂಬರ ಹಚ್ಚಿ ಜೇಬಿಗೆ ಹಾಕಿಕೊಂಡು ಹೊರಟ. ‘ಊಟ?’ ಎಂದಳು ಅವಳು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತುವುದಿಲ್ಲ. ‘ಇವತ್ತ ಬಿಡು’ ಎಂದ. ಸತ್ತೆವ್ವನ ಮನೆ ಊರ ಹೊರಗೆ, ಹೊಳೆಗೆ ಹೋಗುವ ಹಾದಿಯಲ್ಲಿ. ಸೊಪ್ಪೆಯ ಬಣವೆಯ ಹಿಂದೆ ತಗಡಿನ ಕೊಟ್ಟಿಗೆ, ಅದರ ಮುಂದೆ ಅವಳು ಬಕೆಟ್ಟು ತೊಳೆಯುತ್ತಿದ್ದಳು. ಅವನು ಬೈಕು ನಿಲ್ಲಿಸಿದ್ದನ್ನು ನೋಡಿಯೂ ನೋಡದವಳಂತೆ ತೊಳೆದ ನೀರನ್ನು ಚೆಲ್ಲಿದಳು. ಅದು ಅವನ ಚಪ್ಪಲಿಯವರೆಗೆ ಬಂತು.

‘ಆಯಿ’ ಎಂದ.

‘ಬಾ. ನೋಡಾಕ ಬಂದೀ ಅಲ್ಲ, ಮುದಕಿ ನೀರ ಎಲ್ಲಿ ಹಾಕ್ತಾಳಂತ? ಅಗಾ, ನಳಾ ಅಲ್ಲೈತಿ, ಭಾವಿ ಅಲ್ಲೈತಿ, ಹೊಳಿ ಆ ಕಡೆ ಐತಿ. ಯಾವ್ದು ಬೇಕ ಬರಕೋ.’

‘ನೀ ನೀರ ಹಾಕಿಲ್ಲ ಆಯಿ. ತಪ್ಪು ನಂದು. ಲೆಕ್ಕ ನಾ ತಪ್ಪ ಬರದಿದ್ದೆ.’

ಅವಳು ಬಕೆಟ್ಟನ್ನು ಬೋರಲು ಹಾಕಿ ಅದರ ತಳವನ್ನೊಮ್ಮೆ ತಟ್ಟಿದಳು. ‘ನಾಕ ದಿನಕ್ಕ ತಿಳೀತೇನ?’

‘ನಾಕ ದಿನಕ್ಕ.’

‘ಹಾಕಿಲ್ಲಂತ ನಾ ಅವತ್ತ ಹೇಳಿದ್ದೆ. ಆಗ ತಿಳೀಲಿಲ್ಲ.’ ಅವಳು ಅವನ ಮುಖವನ್ನು ಮೊದಲ ಸಲ ನೋಡಿದಳು. ‘ಈಗ ಇಲ್ಲಿ ಹೇಳಾಕ ಬಂದೀ. ಇಲ್ಲಿ ಯಾರದಾರ ಕೇಳವ್ರು? ಎಮ್ಮಿ? ಅದಕ ಮೊದ್ಲ ಗೊತ್ತೈತಿ. ನೀ ಅಂದಿದ್ದು ಎಲ್ಲಾರ ಮುಂದ, ಹೌದಿಲ್ಲೋ?’

‘ಎಲ್ಲಾರ ಮುಂದನ ಹೇಳ್ತೀನಿ. ನಾಳೆ ಮುಂಜಾನೆ.’

‘ನೋಡೂಣು’ ಎಂದಳು. ಅದರಲ್ಲಿ ನಂಬಿಕೆಯೂ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ.

ಇಷ್ಟಕ್ಕೆ ಹಿಂದಿರುಗಬಹುದಿತ್ತು. ಹಿಂದಿರುಗುವುದೇ ಮರ್ಯಾದೆ ಎಂದು ಅವನಿಗೂ ಗೊತ್ತಿತ್ತು. ಆದರೆ ಜೇಬಿನಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ‘ಆಯಿ, ಒಂದ ಕೇಳ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ. ಐದನೇ ತಾರೀಖಿಗೆ ಏನಾತು ಇಲ್ಲಿ? ದೀಪಾವಳಿ ಆದ ಮ್ಯಾಲ?’ ಸತ್ತೆವ್ವ ಬೆರಳು ಮಡಚಿ ಎಣಿಸಿದಳು. ‘ಏನಾಕ್ಕೈತಿ? ಗಂಗಾ ತವರಿಗೆ ಹೋದ್ಲು, ಐಗಳಿಗಿ. ಚೊಚ್ಚಲ ಬಾಣಂತನ. ಅಷ್ಟ ಆಗಿದ್ದು.’ ಗಂಗಾ ಅವಳ ಸೊಸೆ. ‘ಎಮ್ಮಿ ಯಾರು ಹಿಂಡ್ತಿದ್ರು?’ ‘ಆಕೀನ. ಈಗ ನಾ.’ ಹೇಳುತ್ತಲೇ ಅವಳು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಬಾ ಎನ್ನಲಿಲ್ಲ, ಬರಬೇಡ ಎನ್ನಲೂ ಇಲ್ಲ. ಅವನು ಹಿಂದೆ ಹೋಗಿ ಕಂಬಕ್ಕೆ ಒರಗಿ ನಿಂತ. ಒಂಬತ್ತು ವರ್ಷದಿಂದ ಊರ ಹಾಲನ್ನೆಲ್ಲ ಅಳೆದವನು, ಹಾಲು ಹಿಂಡುವುದನ್ನು ಕೊನೆಯ ಸಲ ಪೂರ್ತಿಯಾಗಿ ನೋಡಿದ್ದು ಯಾವಾಗ ಎಂದು ನೆನಪಿಗೆ ಬರಲಿಲ್ಲ. ಅವನ ಪಾಲಿಗೆ ಹಾಲು ಕ್ಯಾನಿನಲ್ಲಿ ಹುಟ್ಟುವ ವಸ್ತು. ಸತ್ತೆವ್ವ ಕರುವನ್ನು ಬಿಟ್ಟಳು. ಅದು ನುಗ್ಗಿ ನಾಲ್ಕು ಗುಟುಕು ಎಳೆದಾಗ ಎಮ್ಮೆ ಹಾಲು ಇಳಿಸಿತು. ಕರುವನ್ನು ಎಳೆದು ಪಕ್ಕಕ್ಕೆ ಕಟ್ಟಿ ಕುಕ್ಕರಗಾಲಲ್ಲಿ ಕೂತು ಹಿಂಡತೊಡಗಿದಳು. ಖಾಲಿ ಬಕೆಟ್ಟಿನ ತಳಕ್ಕೆ ಬಿದ್ದ ಧಾರೆ ಟಣ್ ಎಂದಿತು, ಬರಬರುತ್ತ ನೊರೆಯೊಳಗೆ ಇಳಿದು ಸೊರ್ ಎನ್ನತೊಡಗಿತು. ಅವಳ ಎರಡೂ ಕೈಗಳಿಗೆ ಬೇರೆ ಬೇರೆ ತಾಳ ಇದ್ದರೂ ಎಲ್ಲಿಯೂ ತಪ್ಪುತ್ತಿರಲಿಲ್ಲ. ಅವನು ಕೇಳಿಕೊಂಡು ಮೊದಲ ಧಾರೆಯಲ್ಲಿ ಒಂದು ಬಾಟಲಿ ತುಂಬಿಸಿಕೊಂಡಿದ್ದ, ನಡುವೆ ಒಂದು. ಆಮೇಲೆ ಅವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಎದ್ದಳು.

‘ಯಾಕ ಆಯಿ? ಇನ್ನೂ ಐತಲ್ಲ?’

‘ಐತಿ. ಧಾರಿ ದಪ್ಪಾತು. ಇನ್ನ ಮುಂದಿಂದು ಕರದ್ದು.’

‘ಧಾರಿ ದಪ್ಪ ಅಂದ್ರ?’

ಅವಳು ಹೆಬ್ಬೆರಳಿಗೆ ತೋರುಬೆರಳನ್ನು ಉಜ್ಜಿ ತೋರಿಸಿದಳು. ‘ಮೊದ್ಲ ನೀರಿನಂಗ ಜಾರತೈತಿ. ಆಮ್ಯಾಲ ಬೆರಳಿಗೆ ಹತ್ತತೈತಿ, ಎಣ್ಣಿ ಇದ್ದಂಗ. ಹತ್ತಿತಂದ್ರ ಬಿಡಬೇಕು. ನಮ್ಮತ್ತಿ ಕಲಿಸಿದ್ದು. ಕುರೀದೂ ಹಂಗ, ಎಮ್ಮೀದೂ ಹಂಗ. ಗಂಗಾ ಕೇಳಂಗಿಲ್ಲ, ಮೊಲಿ ಒಣಗೂತನಕಾ ಹಿಂಡ್ತಾಳ. ನೋಡ ಕರಾ ಹೆಂಗಾಗಿತ್ತು, ಬರೇ ಎಲಬು. ಹದಿನೈದ ದಿನದಾಗ ಈಗ ಜರಾ ಮೈ ಬಂದೈತಿ.’

ಕರು ಬಿಚ್ಚಿದ ಹಗ್ಗವನ್ನು ಎಳೆದುಕೊಂಡೇ ಓಡಿತು. ಶೀತಲ್ ಕಂಬವನ್ನು ಬಿಟ್ಟು ನೆಟ್ಟಗೆ ನಿಂತಿದ್ದ. ಓದಿದ್ದ, ಎಲ್ಲೋ ಒಂದು ಪುಸ್ತಕದ ಅಡಿಟಿಪ್ಪಣಿಯಲ್ಲಿ, ಕೆಚ್ಚಲಿನಿಂದ ಮೊದಲು ಬರುವ ಹಾಲಿನಲ್ಲಿ ಕೊಬ್ಬು ಕಡಿಮೆ, ಕೊನೆಗೆ ಬರುವುದರಲ್ಲಿ ಹೆಚ್ಚು ಎಂದು ಓದಿದ್ದ, ಪರೀಕ್ಷೆಯಲ್ಲಿ ಬರೆದೂ ಇದ್ದಿರಬಹುದು. ಬೆರಳಿಗೆ ಹತ್ತುತ್ತದೆ ಎಂದು ಎಲ್ಲಿಯೂ ಬರೆದಿರಲಿಲ್ಲ. ಲಕ್ಷ ಕೊಟ್ಟು ತಂದ ಮಿಷನ್ನು ಮೂವತ್ತೆಂಟು ಸೆಕೆಂಡಿಗೆ ಹೇಳುವುದನ್ನು ಈ ಹೆಬ್ಬೆರಳು ಕತ್ತಲೆಯಲ್ಲಿ ಕೂತು ಹೇಳುತ್ತದೆ. ‘ಆಯಿ, ಅದರಾಗ ಒಂದೀಟು ಕೊಡು. ಈ ಬಾಟ್ಲಿ ತುಂಬಿದ್ರ ಸಾಕು’ ಎಂದ. ಕೈ ಆಗಲೇ ಮುಂದೆ ಚಾಚಿಕೊಂಡಿತ್ತು. ‘ಬ್ಯಾಡ’ ಎಂದಳು ಸತ್ತೆವ್ವ. ‘ಇದ ಸಾಕ್ಷಿ ಆಯಿ. ಇದನ್ನ ತೋರಿಸಿದ್ರ ಎಲ್ಲಾರೂ ನಂಬತಾರ.’ ‘ಅದರ ಬಾಯಾಗಿಂದ ಕಸಗೊಂಡು ನಿನ್ನ ಮಿಷನ್ನಿಗೆ ಕುಡಿಸ್ಲೇನ? ನಾ ಹಾಕಿಲ್ಲ ಅನ್ನೂದಕ್ಕ ಸಾಕ್ಷಿ ಕರಾ ಕೊಡಬೇಕೇನ? ತಪ್ಪ ಮಾಡಿದಾವ ನೀ. ಹೇಳೂದಿದ್ರ ಬಾಯಿಲೆ ಹೇಳ.’ ಕರುವಿನ ಬಾಯಿಯ ಎರಡೂ ಬದಿಗೆ ನೊರೆ ಉಕ್ಕುತ್ತಿತ್ತು. ಬಾಲ ಒಂದೇ ಸಮನೆ ಆಡುತ್ತಿತ್ತು. ಒಂದು ಕ್ಷಣ ಅವನಿಗೆ ಆ ಕರುವಿನ ಮೇಲೆ ನಿಜವಾಗಿಯೂ ಸಿಟ್ಟು ಬಂತು, ತನ್ನ ಉತ್ತರವನ್ನು ತನ್ನ ಕಣ್ಣೆದುರೇ ಕುಡಿದು ಮುಗಿಸುತ್ತಿದೆ ಎಂದು. ಬಾಟಲಿಯನ್ನು ಜೇಬಿಗೆ ಹಾಕಿಕೊಂಡ. ‘ಆತು ಆಯಿ’ ಎಂದ. ಹೊರಗೆ ಬಂದಾಗ ಸೂರ್ಯ ಮುಳುಗಿ, ಹೊಳೆಯ ಮೇಲೆ ಕಬ್ಬಿನ ಒಣಗರಿಯ ರವದಿ ಸುಟ್ಟ ಹೊಗೆ ಅಡ್ಡಲಾಗಿ ಮಲಗಿತ್ತು.

ಬುಧವಾರ ಬೆಳಿಗ್ಗೆ ಸ್ಪೀಕರಿನ ವಯರನ್ನು ಕಿತ್ತಿಟ್ಟ. ಪಾಳಿ ನಿಂತಾಗ ದನಿ ಬರದೇ ಇರುವುದನ್ನು ಎಲ್ಲರೂ ಗಮನಿಸಿದರು. ‘ಇವತ್ತ ವೈನಿಗೆ ಗಂಟಲ ಕಟ್ಟೈತೇನ?’ ಎಂದ ಮಲಕಾರಿ, ಸ್ನೇಹಲಳ ಬಗ್ಗೆ. ಶೀತಲ್ ಹಾದಿಯನ್ನೇ ನೋಡುತ್ತಿದ್ದ. ಸತ್ತೆವ್ವ ಬರದಿದ್ದರೆ ಹೇಳಬೇಕೋ ಬೇಡವೋ? ಅವಳಿಲ್ಲದೆ ಹೇಳಿದರೆ ಸುಲಭ, ಆದ್ದರಿಂದಲೇ ಸರಿಯಲ್ಲ. ಅವಳಿಗಾಗಿ ಕಾಯುತ್ತಾ ಪಾಳಿ ಮುಗಿಸಿಬಿಟ್ಟರೆ ಇನ್ನೂ ಸುಲಭ. ಸ್ನೇಹಲ ಬಾಗಿಲಿಗೆ ಬಂದು ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಆರೂವರೆಗೆ ಸತ್ತೆವ್ವ ರಸ್ತೆಯ ಆ ಬದಿಗೆ, ಬೇವಿನ ಮರದ ಕೆಳಗೆ, ಕ್ಯಾನು ಸೊಂಟಕ್ಕಿಟ್ಟುಕೊಂಡು ಬಂದು ನಿಂತಳು. ಪಾಳಿಗೆ ಬರಲಿಲ್ಲ. ಶೀತಲ್ ಸ್ಟೂಲಿನಿಂದ ಎದ್ದ. ಎದ್ದ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೂಕದ ಮಿಷನ್ನಿನ ಮೇಲೆ ಇಟ್ಟ. ಅದರ ಅಂಕಿ ನಾಲ್ಕು ಕಿಲೋ ಎಂದು ತೋರಿಸತೊಡಗಿತು, ತೆಗೆದ.

‘ಒಂದ ಮಾತ ಹೇಳೂದೈತ್ರಿ’ ಎಂದ. ರಾತ್ರಿ ಹೊಂದಿಸಿಟ್ಟುಕೊಂಡ ವಾಕ್ಯಗಳಲ್ಲಿ ಎಸ್‌ಎನ್‌ಎಫ್ ಇತ್ತು, ಶೇಕಡಾ ಇತ್ತು. ಬಾಯಿಗೆ ಬಂದದ್ದು ಬೇರೆ. ‘ಶನಿವಾರ ಸತ್ತೆವ್ವಾಯಿ ಹಾಲಿಗೆ ನೀರ ಅಂತ ಬಂತು. ಆಕಿ ನೀರ ಹಾಕಿದ್ದಿಲ್ಲ. ಒಂದ ಹನಿ ಇಲ್ಲ. ನಾ ತಪ್ಪ ಬರದಿದ್ದೆ.’

‘ಹಂಗಾರ ಮಿಷನ್ ಸುಳ್ಳ ಹೇಳ್ತೈತಿ ಅಂದಂಗಾತು’ ಎಂದ ಮಲಕಾರಿ, ಗೆದ್ದವನ ದನಿಯಲ್ಲಿ.

‘ಮಿಷನ್ ಖರೇನ ಹೇಳಿತ್ತು. ಸುಳ್ಳ ಹೇಳಿದಾವ ನಾ.’

‘ಅರೇ ದೇವಾ’ ಎಂದಳು ಕಮಲಾಬಾಯಿ. ‘ಇಷ್ಟ ಓದಿ ಇಂಥಾ ತಪ್ಪೇನೋ ಬಾಳಾ?’

‘ಓದಿದ್ದನ್ನ ಮರತಿದ್ದೆ ಬಾಯಿ.’

‘ಅಲ್ಲಾ, ಸತ್ತೆವ್ವ ಹಾಕಿಲ್ಲಂದ್ರ ಮತ್ತ್ಯಾರು ಹಾಕಿದ್ರು? ಶುಕ್ರವಾರ ಕೇಂದ್ರದಿಂದ ನಿನ್ನ ಕ್ಯಾನ ತಿರಗಿ ಬಂದಿದ್ದಂತೂ ಖರೆ’ ಎಂದ ಮಲಕಾರಿ. ‘ಅದನ್ನೂ ಹೇಳ್ತೈತೇನ ನಿನ್ನ ಮಿಷನ್ನು?’

ಶೀತಲ್ ಅವನನ್ನು ನೋಡಿದ. ನಾಲಿಗೆಯ ತುದಿಯಲ್ಲಿ ಮೂವತ್ತೊಂದು ಎಂಬ ಅಂಕಿ ಬಂದು ನಿಂತಿತ್ತು. ಒಂದು ಉಸಿರಿನಷ್ಟು ಸುಖ. ಹೇಳಿಬಿಟ್ಟರೆ ಪಾಳಿಗೆ ಪಾಳಿಯೇ ಮತ್ತೊಮ್ಮೆ ನಗುತ್ತಿತ್ತು, ಈ ಸಲ ಸರಿಯಾದವನ ಮೇಲೆ. ‘ಹೇಳ್ತೈತಿ’ ಎಂದ. ‘ನೀ ಹಾಲ ಹಾಕಿದ ಮ್ಯಾಲ ಜರಾ ನಿಂದ್ರು ಮಲಕಾರಿ. ಒಳಗ ಬಾ, ಚಾ ಕುಡಿಯೂಣು.’ ಮಲಕಾರಿ ಏನೋ ಹೇಳಲು ಹೋಗಿ, ತನ್ನ ಕ್ಯಾನಿನ ಮುಚ್ಚಳವನ್ನು ಗಟ್ಟಿಯಾಗಿ ಒತ್ತಿ, ‘ನಂಗ ಹೊಲದಾಗ ಕೆಲಸೈತಿ’ ಎಂದ. ಕಮಲಾಬಾಯಿ ಅವನ ಮುಖವನ್ನೂ ಕ್ಯಾನನ್ನೂ ನೋಡಿ ಸೆರಗು ಬಾಯಿಗಿಟ್ಟುಕೊಂಡಳು.

ಸತ್ತೆವ್ವ ರಸ್ತೆ ದಾಟಿ ಬಂದಳು. ಪಾಳಿಯವರು ತಾವಾಗಿ ಸರಿದರು. ಅವರು ಬಿಟ್ಟುಕೊಟ್ಟ ಜಾಗಕ್ಕೆ ನುಗ್ಗದೆ ಅವಳು ಹಿಂದೆ ಹೋಗಿ ತನ್ನ ಪಾಳಿಗಾಗಿ ನಿಂತಳು. ಸರದಿ ಬಂದಾಗ ಕ್ಯಾನು ಇಟ್ಟಳು. ಶೀತಲ್ ಬಟ್ಟಲು ಹಿಡಿದ. ಮೂರು ಲೀಟರು, ಫ್ಯಾಟ್ ನಾಲ್ಕು ಪಾಯಿಂಟ್ ಐದು. ಸ್ಪೀಕರಿಲ್ಲದ್ದರಿಂದ ಸ್ನೇಹಲಳೇ ಮುಂದೆ ಬಂದು ಪರದೆಯನ್ನು ನೋಡಿ ಓದಿ ಹೇಳಿದಳು. ಸತ್ತೆವ್ವ ಅವಳ ಕಡೆ ತಿರುಗಿ, ‘ಕೈಗೆ ಹಿಟ್ಟ ಹತ್ತೈತಿ ನೋಡವಾ’ ಎಂದಳು, ಅಷ್ಟೆ. ಆಮೇಲೆ ಸೆರಗಿನೊಳಗಿನಿಂದ ಒಂದು ಚಿಕ್ಕ ಹಿತ್ತಾಳೆಯ ಗಿಂಡಿ ತೆಗೆದು ಮಿಷನ್ನಿನ ಪಕ್ಕಕ್ಕೆ ಇಟ್ಟಳು. ಅದರ ಬಾಯಿಗೆ ಬಟ್ಟೆ ಕಟ್ಟಿತ್ತು.

‘ಇದೇನ ಆಯಿ?’

‘ಕಡೀದು. ಕರಾನ ಕೇಳಿ ತಂದೀನಿ, ಒಂದ ಗುಟಕು.’

‘ಬ್ಯಾಡ ಅಂದಿದ್ದಿ. ನಾ ಹೇಳಿ ಮುಗಿಸೀನಿ, ಸಾಕ್ಷಿ ಬೇಕಾಗಿಲ್ಲ ಇನ್ನ.’

‘ಸಾಕ್ಷಿ ಯಾರಿಗೆ ಬೇಕಾಗೈತಿ?’ ಎಂದಳು ಸತ್ತೆವ್ವ. ಅವಳ ಕಣ್ಣು ನಳಿಗೆಯ ಮೇಲಿತ್ತು. ಮಿಷನ್ನನ್ನು ಇಷ್ಟು ಹತ್ತಿರದಿಂದ ಅವಳು ಎಂದೂ ನೋಡಿರಲಿಲ್ಲ. ‘ನಲವತ್ತ ವರ್ಷದಿಂದ ಬೆರಳಿಗೆ ಹತ್ತಿದ್ದಷ್ಟ ಗೊತ್ತು. ಅದು ಎಷ್ಟ ಅಂತ ಗೊತ್ತಿಲ್ಲ. ರಾತ್ರಿ ಮಲಗಿದ್ರೂ ಅದ ನೆನಪಾತು. ಹಾಕ ನೋಡೂಣು. ಉಳದಿದ್ದು ತಿರಗಿ ಕೊಡು, ಒಯ್ದು ಅದಕ್ಕ ಕುಡಸಬೇಕು.’

ಶೀತಲ್ ನಳಿಗೆಯನ್ನು ಎರಡು ಸಲ ತೊಳೆದ. ಹಳದಿಗಟ್ಟಿದ ಹಾಲನ್ನು ಬಟ್ಟಲಿಗೆ ಸುರಿದು ಹಿಡಿದಾಗ ಪಾಳಿಯವರೂ ಬಗ್ಗಿದರು, ಹೊಲಕ್ಕೆ ಹೋಗಬೇಕಿದ್ದ ಮಲಕಾರಿಯೂ. ಮಿಷನ್ನು ಹೀರಿತು. ಮೂವತ್ತೆಂಟು ಸೆಕೆಂಡು ಯೋಚಿಸಿತು. ಅವನು ಗಿಂಡಿಗೆ ಬಟ್ಟೆ ಕಟ್ಟಿ ಅವಳ ಕೈಗೆ ಕೊಟ್ಟ.

‘ಎಷ್ಟಂತ?’ ಎಂದಳು.

ಅವನು ಪರದೆಯನ್ನು ಅವಳ ಕಡೆ ತಿರುಗಿಸಿ ಓದಿ ಹೇಳಿದ. ಫ್ಯಾಟ್ ಹನ್ನೊಂದು ಪಾಯಿಂಟ್ ಎರಡು.